ಫಿಲ್ಟರ್ ಪಟ್ಟಿಯಲ್ಲಿ ಮೇಲಿರುವುದೇ ಮೇಲು ಎಂಬುದು ನಿಜವೇ?

ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸ್ಕ್ರೀನ್‌ಶಾಟ್ ಆಗಾಗ ಓಡಾಡುತ್ತಿರುತ್ತದೆ. ಯಾವುದೋ ಆ್ಯಪ್ ಇಲ್ಲವೇ ಜಾಲತಾಣದ ಒಂದು ಪಟ್ಟಿ, ಅದರ ಮೊದಲ ಸಾಲಿಗೆ ಕೆಂಪು ಗುರುತು, ಕೆಳಗೆ "ನೋಡಿ, ನಮ್ಮದೇ ಮೊದಲು" ಎಂಬ ಒಕ್ಕಣೆ. ಕೆಲವೊಮ್ಮೆ ಅದರ ತದ್ವಿರುದ್ಧ: "ನಮ್ಮನ್ನು ಬೇಕೆಂದೇ ಕೊನೆಗೆ ತಳ್ಳಿದ್ದಾರೆ, ಎಲ್ಲರಿಗೂ ತಲುಪಿಸಿ." ಪಟ್ಟಿ ಕಾಲೇಜುಗಳದ್ದಿರಬಹುದು, ತಾಲೂಕುಗಳದ್ದಿರಬಹುದು, ಭಾಷೆಗಳದ್ದಿರಬಹುದು. ಹೆಮ್ಮೆಯ ಸಂದೇಶಕ್ಕೂ ಸಿಟ್ಟಿನ ಸಂದೇಶಕ್ಕೂ ಬುಡದಲ್ಲಿರುವ ನಂಬಿಕೆ ಮಾತ್ರ ಒಂದೇ. ಪಟ್ಟಿಯಲ್ಲಿ ಮೇಲಿದ್ದದ್ದು ಮೇಲು, ಕೆಳಗಿದ್ದದ್ದು ಕೀಳು.

ಹೆಚ್ಚಿನ ಪಟ್ಟಿಗಳ ಮಟ್ಟಿಗೆ ಈ ನಂಬಿಕೆ ಸುಳ್ಳು. ಹಾಗೆಂದು "ಕ್ರಮದಲ್ಲೇನಿದೆ, ಯಾವುದು ಎಲ್ಲಿದ್ದರೇನು" ಎಂದು ಕೈಬಿಡುವುದೂ ಸರಿಯಲ್ಲ. ಕ್ರಮವನ್ನು ಯಾರೋ ಒಬ್ಬರು ಗೊತ್ತುಮಾಡಿರುತ್ತಾರೆ, ಇಲ್ಲವೇ ಯಾರೂ ಗೊತ್ತುಮಾಡದೆ ಯಂತ್ರದ ಪಾಲಿಗೆ ಬಿಟ್ಟಿರುತ್ತಾರೆ. ಎರಡರಿಂದಲೂ ಕೆಲವರಿಗೆ ಅನುಕೂಲ, ಕೆಲವರಿಗೆ ತೊಂದರೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ನಿಡಸೋಸಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ದುರದುಂಡೀಶ್ವರ ಮಠದಿಂದಲೂ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿನಿಂದಲೂ ಹೆಸರಾದ ಊರು ಅದು. ಪಟ್ಟಿಗಳ ವಿಷಯಕ್ಕೆ ಬಂದರೆ ಅದರ ಪಾಡು ಬೇರೆ.

ಯಾವ ಪಟ್ಟಿಯ ಮಾತು ಇದು?

ಏನನ್ನಾದರೂ ಹುಡುಕಿದಾಗ ಪರದೆಯ ಮೇಲೆ ಎರಡು ಪಟ್ಟಿ ಬರುತ್ತವೆ. ಒಂದು, ಸಿಕ್ಕಿದ ವಸ್ತುಗಳದ್ದು. ಇನ್ನೊಂದು, ಪಕ್ಕದಲ್ಲೋ 'ಫಿಲ್ಟರ್' ಎಂಬ ಗುಂಡಿಯ ಹಿಂದೆಯೋ ಇರುವ ಆಯ್ಕೆಗಳದ್ದು: ಬಣ್ಣ, ಅಳತೆ, ಬೆಲೆ, ಜಿಲ್ಲೆ, ತಾಲೂಕು, ಭಾಷೆ, ವರ್ಷ. ಎಷ್ಟೋ ಕಡೆ ಪ್ರತಿ ಆಯ್ಕೆಯ ಮುಂದೆ ಕಂಸದಲ್ಲಿ ಒಂದು ಸಂಖ್ಯೆ ಇರುತ್ತದೆ. 'ಕೆಂಪು (42)' ಎಂದರೆ ಕೆಂಪು ಬಣ್ಣದವು ನಲವತ್ತೆರಡು ಸಿಕ್ಕಿವೆ ಎಂದು ಅರ್ಥ. ತಂತ್ರಜ್ಞರು ಇಂಥ ಒಂದೊಂದು ಗುಂಪನ್ನು 'ಫ್ಯಾಸೆಟ್' ಎನ್ನುತ್ತಾರೆ. ಸಾಣೆ ಹಿಡಿದ ಹರಳಿಗಿರುವ ಮುಖಗಳಿಗೆ ಇಂಗ್ಲಿಷಿನವರು ಹೇಳುವ ಹೆಸರದು. ಒಂದು ಸೀರೆಗೆ ಬಣ್ಣವೆಂಬ ಒಂದು ಮುಖ, ಬೆಲೆಯೆಂಬ ಇನ್ನೊಂದು ಮುಖ, ನೂಲೆಂಬ ಮತ್ತೊಂದು ಮುಖ.

ಈ ವಿಚಾರ ಅಮೆರಿಕದ ಶಾಪಿಂಗ್ ತಾಣಗಳಲ್ಲಿ ಹುಟ್ಟಿದ್ದೆಂದು ಬಹಳ ಜನ ತಿಳಿದಿದ್ದಾರೆ. ಅದರ ಬೇರು ನಮ್ಮ ನೆರೆಯಲ್ಲಿದೆ. ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಮೇಷ್ಟ್ರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೊ ಆಟಿಕೆಯನ್ನು ನೋಡಿದ ಅವರಿಗೆ, ಅದೇ ಪಟ್ಟಿ-ಬೋಲ್ಟುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಬೇರೆ ಬೇರೆ ಆಟಿಕೆ ಮಾಡುವಂತೆ, ಪುಸ್ತಕದ ವಿಷಯವನ್ನೂ ಬಿಡಿ ಬಿಡಿ ಮುಖಗಳಾಗಿ ಒಡೆದು ಜೋಡಿಸಬಹುದು ಎಂದು ಹೊಳೆಯಿತು. 1933ರಲ್ಲಿ ಅವರ 'ಕೋಲನ್ ಕ್ಲಾಸಿಫಿಕೇಶನ್' ಪ್ರಕಟವಾಯಿತು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಇಂದು ಮೊಬೈಲಿನಲ್ಲಿ ನಾವು ಒತ್ತುವ ಫಿಲ್ಟರ್ ಗುಂಡಿಯ ಹಿಂದೆ ಆ ಮೇಷ್ಟರ ಯೋಚನೆಯಿದೆ.

ರಂಗನಾಥನ್ ವಿಷಯವನ್ನು ಮುಖಗಳಾಗಿ ಒಡೆದು ಸುಮ್ಮನಾಗಲಿಲ್ಲ. ಒಂದು ಮುಖದೊಳಗಿನ ಆಯ್ಕೆಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬುದಕ್ಕೂ ನಿಯಮ ಬರೆದರು. ಆ ನಿಯಮಗಳಿಗೆ ಆಮೇಲೆ ಬರೋಣ. ಮೊದಲು, ಯಾರೂ ಏನನ್ನೂ ಹೇಳದಿದ್ದಾಗ ಯಂತ್ರ ಏನು ಮಾಡುತ್ತದೆ ಎಂದು ತಿಳಿಯಬೇಕು.

ಎಣಿಕೆ ಹೆಚ್ಚಿದ್ದವರು ಮೇಲೆ

ಬಹುಪಾಲು ಹುಡುಕಾಟದ ತಂತ್ರಾಂಶಗಳು ಹುಟ್ಟುಗುಣವಾಗಿ ಎಣಿಕೆಯನ್ನು ನೋಡುತ್ತವೆ. ದೊಡ್ಡ ದೊಡ್ಡ ತಾಣಗಳು ಬಳಸುವ ಎಲಾಸ್ಟಿಕ್‌ಸರ್ಚ್‌ಗೆ ಬೇರೆ ಸೂಚನೆ ಕೊಡದಿದ್ದರೆ ಅದು ಹೆಚ್ಚು ಎಣಿಕೆಯ ಆಯ್ಕೆಯನ್ನು ಮೇಲಿಡುತ್ತದೆ, ಮೊದಲ ಹತ್ತನ್ನಷ್ಟೇ ಕೊಡುತ್ತದೆ. ಸೋಲರ್ ಎಂಬ ಇನ್ನೊಂದು ತಂತ್ರಾಂಶದ ರೂಢಿಯೂ ಎಣಿಕೆಯೇ, ಆದರೆ ಅದು ನೂರರವರೆಗೆ ಕೊಡುತ್ತದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ತಾಣ ನಡೆಯುವುದು ಡಿ-ಸ್ಪೇಸ್ ಎಂಬ ತಂತ್ರಾಂಶದ ಮೇಲೆ. ಅದರಲ್ಲಿ ಪಕ್ಕದ ಪಟ್ಟಿಯನ್ನು ಎಣಿಕೆಯ ಪ್ರಕಾರ ಇಡಬೇಕೋ ಹೆಸರಿನ ಪ್ರಕಾರ ಇಡಬೇಕೋ ಎಂದು ನಡೆಸುವವರು ಸೂಚಿಸಬಹುದು.

ಎಣಿಕೆಯ ಕ್ರಮ ಬಹಳ ಸಲ ಉಪಯೋಗಕ್ಕೆ ಬರುತ್ತದೆ. ಆದರೆ 'ಎಣಿಕೆ ಹೆಚ್ಚು' ಎಂದರೆ 'ಒಳ್ಳೆಯದು' ಎಂದಲ್ಲ, ಸರಕು ಹೆಚ್ಚಿದೆ ಎಂದಷ್ಟೇ. ಮನೆ ಬಾಡಿಗೆಯ ತಾಣದಲ್ಲಿ ಬೆಂಗಳೂರು ಮೇಲಿದ್ದರೆ ಅಲ್ಲಿ ಬಾಡಿಗೆಗಿರುವ ಮನೆ ಹೆಚ್ಚು, ಅಷ್ಟೇ. ಚಿಕ್ಕ ಊರಿನ ಪಾಲಿಗೆ ಇದರ ಪರಿಣಾಮ ಕೆಟ್ಟದ್ದು. ಮೊದಲ ಹತ್ತರಲ್ಲಿ ನಿಡಸೋಸಿ ಬರುವ ಸಂಭವ ಕಡಿಮೆ. ಅದು 'ಇನ್ನಷ್ಟು ತೋರಿಸು' ಎಂಬ ಗುಂಡಿಯ ಹಿಂದೆ ಇರುತ್ತದೆ. ಒತ್ತದವರಿಗೆ ಆ ಊರು ಇಲ್ಲವೇ ಇಲ್ಲ. ಒತ್ತದಿದ್ದರೆ ಕ್ಲಿಕ್ ಇಲ್ಲ, ಕ್ಲಿಕ್ ಇಲ್ಲದಿದ್ದರೆ "ಜನರಿಗೆ ಬೇಡವಾದದ್ದು" ಎಂಬ ಲೆಕ್ಕ. ಹೀಗೆ ಮೇಲಿದ್ದದ್ದು ಮೇಲೇ ಉಳಿಯುತ್ತದೆ.

ಇದರಿಂದ ಕೈಗೆ ತಗಲುವ ನಷ್ಟ ಎಂಥದ್ದು ಎಂದು ಹುಕ್ಕೇರಿಯಲ್ಲೇ ನೋಡಬಹುದು. ಕರ್ನಾಟಕದಲ್ಲಿ ಮನೆಗಳಿಗೆ ವಿದ್ಯುತ್ ಕೊಡುವುದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಚಾಮುಂಡೇಶ್ವರಿ ಎಂಬ ಐದು ಕಂಪನಿಗಳು ಎಂದು ಎಲ್ಲರಿಗೂ ಗೊತ್ತು. ಆರನೆಯದೊಂದಿದೆ: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. 1969ರಲ್ಲಿ ಹುಟ್ಟಿದ ಈ ಸಂಘವೇ ಹುಕ್ಕೇರಿ ತಾಲೂಕಿಗೆ ವಿದ್ಯುತ್ ವಿತರಿಸುತ್ತದೆ. ಸುತ್ತಲಿನ ಗೋಕಾಕ, ಮೂಡಲಗಿ, ಚಿಕ್ಕೋಡಿ ತಾಲೂಕುಗಳದ್ದು ಹೆಸ್ಕಾಂ. ಈಗ ಬಿಲ್ ಕಟ್ಟುವ ಒಂದು ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಗ್ರಾಹಕರ ಎಣಿಕೆಯಂತೆ ಜೋಡಿಸಿದರೆ ಬೆಸ್ಕಾಂ ಮೇಲೆ ಬರುತ್ತದೆ, ಒಂದೇ ತಾಲೂಕಿನ ಸಂಘ ತಳಕ್ಕೆ ಹೋಗುತ್ತದೆ. ಐದೇ ಹೆಸರು ತೋರಿಸಿ ಉಳಿದದ್ದನ್ನು ಮುಚ್ಚಿದರೆ ಹುಕ್ಕೇರಿಯವರು 'ನಮ್ಮ ಕಡೆ ಹೆಸ್ಕಾಂ ಇರಬೇಕು' ಎಂದು ಒತ್ತಿ, ಮೀಟರ್ ಸಂಖ್ಯೆ ಹೊಂದುತ್ತಿಲ್ಲ ಎಂಬ ಸಂದೇಶ ನೋಡಿ ತಲೆ ಕೆರೆದುಕೊಳ್ಳಬೇಕು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿದರೆ ಹೆಸ್ಕಾಂ, ಹುಕ್ಕೇರಿ ಎರಡೂ ಒಂದರ ಕೆಳಗೊಂದು ಬರುತ್ತವೆ, ಕಣ್ಣಿಗೆ ಬೀಳುತ್ತವೆ. ಅದೇ ಆರು ಹೆಸರು, ಕ್ರಮ ಮಾತ್ರ ಬೇರೆ.

ಇನ್ನೊಂದು ಸಣ್ಣ ಮಾತು. ದತ್ತಾಂಶ ಬಹಳವಾಗಿ ಹಲವು ಕಂಪ್ಯೂಟರುಗಳಲ್ಲಿ ಹಂಚಿಹೋಗಿದ್ದಾಗ, ಪ್ರತಿ ಕಂಪ್ಯೂಟರೂ ತನ್ನ ಪಾಲಿನ ಮೊದಲ ಕೆಲವು ಹೆಸರುಗಳನ್ನಷ್ಟೇ ಕಳಿಸುತ್ತದೆ. ಅವನ್ನು ಕೂಡಿಸಿ ಕೊನೆಯ ಪಟ್ಟಿ ಮಾಡುತ್ತಾರೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪವೇ ಇರುವ ಹೆಸರು ಈ ಕೂಡಿಕೆಯಲ್ಲಿ ಜಾರಿಹೋಗಬಹುದು. ಆದ್ದರಿಂದ ಕಂಸದೊಳಗಿನ ಸಂಖ್ಯೆ ಕೆಲವೆಡೆ ಅಂದಾಜು. ಎಲಾಸ್ಟಿಕ್‌ಸರ್ಚ್ ತನ್ನ ಕೈಪಿಡಿಯಲ್ಲೇ ಇದನ್ನು ಹೇಳಿಕೊಂಡಿದೆ. "ಕಂಪ್ಯೂಟರ್ ಲೆಕ್ಕ, ತಪ್ಪಲು ಸಾಧ್ಯವೇ ಇಲ್ಲ" ಎಂದು ಆ ಸಂಖ್ಯೆಯನ್ನು ಹಂಚುವ ಮುನ್ನ ನೆನಪಿರಲಿ.

ಅಕ್ಷರಕ್ರಮಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆ

"ಹಾಗಾದರೆ ಅಕ್ಷರಕ್ರಮದಲ್ಲಿ ಇಟ್ಟುಬಿಡಿ, ಜಗಳವೇ ಇಲ್ಲ" ಎನ್ನುವವರಿದ್ದಾರೆ. ಯಾವ ಭಾಷೆಯ ಅಕ್ಷರ?

ಬೆಳಗಾವಿ ಜಿಲ್ಲೆಯ ತಾಲೂಕುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆದರೆ ಅಥಣಿ, ಬೈಲಹೊಂಗಲ, ಬೆಳಗಾವಿ, ಚಿಕ್ಕೋಡಿ, ಗೋಕಾಕ ಆದ ಮೇಲೆ ಹುಕ್ಕೇರಿ. ಆರನೆಯ ಸ್ಥಾನ. ಕನ್ನಡ ವರ್ಣಮಾಲೆಯಲ್ಲಿ ಬರೆದರೆ ಅಥಣಿ, ಕಾಗವಾಡ, ಕಿತ್ತೂರು, ಖಾನಾಪುರ, ಗೋಕಾಕ ಎಂದು ಸಾಗಿ, ರಾಮದುರ್ಗ, ರಾಯಬಾಗ, ಸವದತ್ತಿ ಎಲ್ಲವೂ ಮುಗಿದ ಮೇಲೆ ಕಟ್ಟಕಡೆಗೆ ಹುಕ್ಕೇರಿ. ತಮಾಷೆಯೆಂದರೆ ಗೋಕಾಕ ಎರಡು ಪಟ್ಟಿಯಲ್ಲೂ ಐದನೆಯದು, ಮೂಡಲಗಿ ಎರಡರಲ್ಲೂ ಹತ್ತನೆಯದು. ನೆರೆಯ ಮೂರು ತಾಲೂಕುಗಳಲ್ಲಿ ಹುಕ್ಕೇರಿಗೆ ಮಾತ್ರ ಭಾಷೆ ಬದಲಾದರೆ ಜಾಗ ಬದಲು. ಪಟ್ಟಿ ಮಾಡಿದವರು ಹುಕ್ಕೇರಿಯ ಮೇಲೆ ಯಾವ ಹಗೆಯನ್ನೂ ಸಾಧಿಸಿಲ್ಲ.

ಕನ್ನಡದಲ್ಲೇ ಬರೆದಿದ್ದರೂ ಯಂತ್ರದ ಕನ್ನಡಕ್ರಮ ನಮ್ಮ ನಿಘಂಟಿನ ಕ್ರಮವಾಗಿರಬೇಕೆಂದಿಲ್ಲ. ಕಂಪ್ಯೂಟರಿಗೆ ಅಕ್ಷರಗಳು ಸಂಖ್ಯೆಗಳು. ಯೂನಿಕೋಡ್ ಎಂಬ ಜಾಗತಿಕ ಕೋಷ್ಟಕದಲ್ಲಿ 'ಲ' 3250, 'ಳ' 3251, 'ವ' 3253, 'ಸ' 3256, 'ಹ' 3257. ಶಾಲೆಯಲ್ಲಿ ನಾವು ಕಲಿತದ್ದು ಯ ರ ಲ ವ ಶ ಷ ಸ ಹ ಳ. ಳಕಾರ ಕೊನೆಗೆ. ಕೋಷ್ಟಕದಲ್ಲಿ ಅದು ಲಕಾರದ ಪಕ್ಕಕ್ಕೆ ಬಂದದ್ದೇಕೆಂದರೆ, ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಹಂಚಿಕೆಯನ್ನು ಇಸ್ಕಿ ಎಂಬ ನಮ್ಮದೇ ದೇಶದ ಮಾನಕದಿಂದ ತೆಗೆದುಕೊಂಡರು. ದೇವನಾಗರಿಯಲ್ಲಿ ಕೂತ ಜಾಗದಲ್ಲೇ ಕನ್ನಡದ ಳಕಾರವೂ ಕೂತಿದೆ. ಆದ್ದರಿಂದ ಬರೀ ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶ 'ಕಳೆನಾಶಕ'ವನ್ನು 'ಕಸಬರಿಗೆ'ಗಿಂತ ಮೊದಲು ತೋರಿಸುತ್ತದೆ. ನಿಘಂಟಿನಲ್ಲಿ ಕಸಬರಿಗೆ ಮೊದಲು, ಕಳೆನಾಶಕ ಆಮೇಲೆ. ಕನ್ನಡ ಬಲ್ಲ ಓದುಗರು ಪಟ್ಟಿಯ ತುದಿಯವರೆಗೆ ಹೋಗಿ ಹುಡುಕಿ, ಸಿಗದೆ "ಇಲ್ಲ" ಎಂದುಕೊಳ್ಳುತ್ತಾರೆ. ಆಯಾ ಭಾಷೆಯ ಕ್ರಮವನ್ನು ತಂತ್ರಾಂಶಕ್ಕೆ ತಿಳಿಸುವ ವ್ಯವಸ್ಥೆ ಇದೆ, ಅದಕ್ಕೆ ಹಣವೂ ಬೇಕಿಲ್ಲ. ತಾಣ ಕಟ್ಟುವವರು ಆ ಸಾಲನ್ನು ಬರೆಯಬೇಕು, ಅಷ್ಟೇ.

ಗಡಿ ಜಿಲ್ಲೆಯವರು ಗಮನಿಸಬೇಕಾದ ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಒಂದೇ ಪಟ್ಟಿಯಲ್ಲಿ ಕನ್ನಡ ಲಿಪಿಯ ಹೆಸರುಗಳೂ ದೇವನಾಗರಿ ಲಿಪಿಯ ಮರಾಠಿ ಹೆಸರುಗಳೂ ಬೆರೆತಿದ್ದರೆ, ಸಂಖ್ಯೆಯ ಕ್ರಮದಲ್ಲಿ ಮರಾಠಿಯವು ಮೊದಲು ಬರುತ್ತವೆ. ದೇವನಾಗರಿ 2304ರಿಂದ ಶುರುವಾಗುತ್ತದೆ, ಕನ್ನಡ 3200ರಿಂದ. ಇಂಗ್ಲಿಷಿನ ಮೊದಲ ದೊಡ್ಡಕ್ಷರ 65, ಹಾಗಾಗಿ ಇಂಗ್ಲಿಷ್ ಎಲ್ಲಕ್ಕಿಂತ ಮುಂದೆ. ಇಂಥ ಪಟ್ಟಿಯ ಸ್ಕ್ರೀನ್‌ಶಾಟ್‌ಗೆ "ಕನ್ನಡ ನೆಲದಲ್ಲಿ ಕನ್ನಡಕ್ಕೇ ಕೊನೆಯ ಸ್ಥಾನ" ಎಂದು ಬರೆದು ಬೆಳಗಾವಿಯ ಗುಂಪುಗಳಿಗೆ ಬಿಟ್ಟರೆ ಏನಾಗಬಹುದೆಂದು ವಿವರಿಸಬೇಕಿಲ್ಲ. ಅದೇ ತಾಣ ಭಾಷೆಗಳನ್ನು ಇಂಗ್ಲಿಷ್ ಹೆಸರಿನ ಕ್ರಮದಲ್ಲಿ ಇಟ್ಟಿದ್ದರೆ ಕನ್ನಡ ಮೊದಲು, ಮರಾಠಿ ಆಮೇಲೆ. ಕನ್ನಡ ವರ್ಣಮಾಲೆಯಲ್ಲೂ ಹಾಗೇ. ಮರಾಠಿ ವರ್ಣಮಾಲೆಯಲ್ಲೂ ಹಾಗೇ, ಅಲ್ಲೂ ಕಕಾರ ಮಕಾರಕ್ಕಿಂತ ಮುಂಚೆ ಬರುತ್ತದಲ್ಲ. ಜೇಬಿನಿಂದ ಒಂದು ನೋಟು ತೆಗೆದು ಹಿಂಬದಿ ನೋಡಿ. ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಅಚ್ಚು ಮಾಡಿದ ಪಟ್ಟಿಯಿದೆ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ಕನ್ನಡ, ನಾಲ್ಕನೆಯದು. ಉರ್ದು ಕೊನೆಯದು. ಇಂಗ್ಲಿಷ್ ಹೆಸರುಗಳ ಅಕ್ಷರಕ್ರಮ ಅದು. ಯಾವ ಭಾಷೆ ದೊಡ್ಡದು ಎಂಬ ತೀರ್ಪು ಅದರಲ್ಲಿಲ್ಲ.

ಹಾಗೆಂದ ಮಾತ್ರಕ್ಕೆ ತಾಣದವರು ಮಾಡಿದ್ದು ಸರಿ ಎಂದೇನೂ ನಾವು ಹೇಳುತ್ತಿಲ್ಲ. ಕರ್ನಾಟಕದ ಜನ ಬಳಸುವ ಪಟ್ಟಿಯಲ್ಲಿ ಕನ್ನಡ ಮೊದಲು ಬರುವಂತೆ ಮಾಡಬಹುದಿತ್ತು, ಮಾಡಿಲ್ಲ. ಅದು ಅಸಡ್ಡೆ. ಅಸಡ್ಡೆಯನ್ನು ದೂರಿ ಸರಿಪಡಿಸಿಕೊಳ್ಳಬಹುದು. ಸಂಚು ಎಂದು ಹಬ್ಬಿಸಿದರೆ ಪಟ್ಟಿ ಹಾಗೇ ಉಳಿಯುತ್ತದೆ, ಮನಸ್ತಾಪ ಮಾತ್ರ ಬೆಳೆಯುತ್ತದೆ.

ಒಂದೇ ಊರು, ಎರಡು ಸಾಲು

ನಿಡಸೋಸಿಯ ಪಾಡು ಬೇರೆ ಎಂದೆವಲ್ಲ, ಅದು ಇದೇ. 'ಸೋ' ಎಂಬುದನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಾಗಿ ಉಳಿಸಬಹುದು. ಸಕಾರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಬಹುದು. ಇಲ್ಲವೇ ಎತ್ವ, ಕೊಂಬಿನ ಇಳಿ, ದೀರ್ಘದ ಗುರುತು ಎಂದು ಮೂರು ತುಂಡುಗಳನ್ನು ಜೋಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಯಂತ್ರಕ್ಕೆ ಅವೆರಡು ಒಂದೇ ಎಂದು ಹೇಳಿಕೊಡದಿದ್ದರೆ ಪಟ್ಟಿಯಲ್ಲಿ 'ನಿಡಸೋಸಿ' ಎರಡು ಸಾಲಾಗಿ, ಎರಡು ಎಣಿಕೆಯಾಗಿ ಒಡೆಯುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಸಿಕಾರಕ್ಕೆ ಎಚ್ ಸೇರಿಸಿ ಬರೆಯುವವರು ಕೆಲವರು, ಸೇರಿಸದವರು ಕೆಲವರು. ಅಲ್ಲಿಗೆ ನಾಲ್ಕು ಸಾಲು. ಒಟ್ಟು ಎಣಿಕೆ ನಾಲ್ಕು ಪಾಲಾದ ಮೇಲೆ ಮೊದಲ ಹತ್ತರೊಳಗೆ ಬರುವ ಅಲ್ಪ ಆಸೆಯೂ ಹೋಯಿತು.

2014ರ ನವೆಂಬರ್ 1ರಿಂದ ಬೆಳಗಾವಿ, ಕಲಬುರಗಿ, ವಿಜಯಪುರ ಮುಂತಾದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗಲೂ ಇದೇ ಆಯಿತು. ಹಳೆಯ ದಾಖಲೆ ಹಳೆಯ ಹೆಸರಿನಲ್ಲಿ, ಹೊಸದು ಹೊಸ ಹೆಸರಿನಲ್ಲಿ. ಗುಲ್ಬರ್ಗ ಎಂದಿದ್ದಾಗ ಪಟ್ಟಿಯಲ್ಲಿ ಗದಗದ ನೆರೆಯಲ್ಲಿದ್ದ ಜಿಲ್ಲೆ ಕಲಬುರಗಿಯಾದ ಮೇಲೆ ಕೊಡಗಿನ ನೆರೆಗೆ ಹೋಯಿತು. ಈಚೆಗೆ ಗೋಕಾಕದಿಂದ ಮೂಡಲಗಿ ಬೇರೆ ತಾಲೂಕಾಯಿತು. ಮೂಡಲಗಿ ಭಾಗದ ಹಳೆಯ ದಾಖಲೆಗಳ ಮೇಲೆ ಗೋಕಾಕ ಎಂದೇ ಇರುವ ಪಟ್ಟಿಯಲ್ಲಿ ಎಣಿಕೆ ನೋಡಿ "ಮೂಡಲಗಿಯಲ್ಲಿ ಏನೂ ಕೆಲಸ ಆಗಿಲ್ಲ" ಎಂದು ಯಾರಾದರೂ ಬರೆದರೆ, ಆ ಸಂಖ್ಯೆ ಅದನ್ನು ಹೇಳುತ್ತಿಲ್ಲ.

ಕ್ರಮವನ್ನು ಬೇಕಾದಂತೆ ಕೂರಿಸುವುದು

ಅಂಗಿಯ ಅಳತೆಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿಟ್ಟರೆ ಎಲ್, ಎಂ, ಎಸ್, ಎಕ್ಸ್ಎಲ್ ಎಂದು ಬರುತ್ತದೆ. ಮೊದಲು ದೊಡ್ಡದು, ಆಮೇಲೆ ನಡುವಿನದು, ಆಮೇಲೆ ಚಿಕ್ಕದು, ಕೊನೆಗೆ ಎಲ್ಲಕ್ಕಿಂತ ದೊಡ್ಡದು. ವಾರದ ದಿನಗಳನ್ನು ಕನ್ನಡ ಅಕ್ಷರಕ್ರಮದಲ್ಲಿಟ್ಟರೆ ಗುರುವಾರದಿಂದ ಶುರುವಾಗಿ ಬುಧ, ಭಾನು, ಮಂಗಳ, ಶನಿ, ಶುಕ್ರ ಎಂದು ಹೋಗಿ ಸೋಮವಾರಕ್ಕೆ ಮುಗಿಯುತ್ತದೆ. ನಮ್ಮ ಗಡಿಭಾಗದಂತೆ 'ರವಿವಾರ' ಎಂದು ಬರೆದರೆ ಭಾನುವಾರ ಮಂಗಳವಾರದ ಕೆಳಗೆ ಜಿಗಿಯುತ್ತದೆ. ತರಗತಿಗಳನ್ನು ಅಕ್ಷರವೆಂದು ತಿಳಿದು ಜೋಡಿಸಿದರೆ 1, 10, 2, 3. ಸಂತೆಯ ದಿನ ಹುಡುಕುವವರಿಗೆ, ಮಗುವಿನ ಪಠ್ಯಪುಸ್ತಕ ಹುಡುಕುವವರಿಗೆ ಇದರಿಂದ ಏನು ಉಪಯೋಗ?

ಅದಕ್ಕೇ ಆಯ್ಕೆಗಳ ಕ್ರಮವನ್ನು ಕೈಯಾರೆ ಕೂರಿಸುವ ದಾರಿಗಳಿವೆ. ಅತಿ ಹಳೆಯ ಉಪಾಯವೆಂದರೆ ಪ್ರತಿ ಹೆಸರಿನ ಮುಂದೆ ಗುಟ್ಟಾಗಿ ಒಂದು ಸಂಖ್ಯೆ ಅಂಟಿಸುವುದು: 01-ಸೋಮವಾರ, 02-ಮಂಗಳವಾರ. ಯಂತ್ರ ಸಂಖ್ಯೆ ನೋಡಿ ಜೋಡಿಸುತ್ತದೆ, ಪರದೆಗೆ ಬರುವಾಗ ಅದನ್ನು ಕಿತ್ತುಹಾಕುತ್ತಾರೆ. ಒರಟು ಉಪಾಯ, ಆದರೆ ನಡೆಯುತ್ತದೆ. ಇನ್ನೂ ಅಚ್ಚುಕಟ್ಟಾದದ್ದು, ಪ್ರತಿ ಆಯ್ಕೆಗೂ ಬೇರೆ ಕೋಷ್ಟಕದಲ್ಲಿ ತೂಕ ಕೊಟ್ಟಿಡುವುದು. ಹೊಸ ಆಯ್ಕೆ ಸೇರಿದಾಗ ಅದಕ್ಕೂ ತೂಕ ಕೊಡಬೇಕು; ಮರೆತರೆ ಅದು ತಳಕ್ಕೆ ಬೀಳುತ್ತದೆ. ಹೊಸ ತಾಲೂಕುಗಳು ಕೆಲವು ಪಟ್ಟಿಗಳ ಕೊನೆಯಲ್ಲಿ ಅಂಟಿಸಿದಂತೆ ಕಾಣಲು ಇದೂ ಒಂದು ಕಾರಣವಾಗಬಹುದು.

ರಂಗನಾಥನ್ ನಿಯಮಗಳು ನೆನಪಾಗಬೇಕಾದ್ದು ಇಲ್ಲಿ. ಓದುಗರಿಗೆ ನೆರವಾಗುವ ಕ್ರಮಗಳು ಎಂದು ಅವರು ಎಂಟನ್ನು ಹೇಳಿದರು. ಕಾಲದಲ್ಲಿ ಮುಂಚಿನದು ಮೊದಲು ಬರುವುದು, ಬೆಳವಣಿಗೆಯ ಹಂತದಂತೆ ಇಡುವುದು, ಅಳತೆಯಂತೆ ಇಡುವುದು, ಸರಳದಿಂದ ಜಟಿಲಕ್ಕೆ ಹೋಗುವುದು, ಜನರ ರೂಢಿಯಲ್ಲಿರುವ ಕ್ರಮವನ್ನೇ ಉಳಿಸುವುದು. ನೆರೆಹೊರೆ ಎಂಬುದೊಂದಿದೆ: ನೆಲದ ಮೇಲೆ ಪಕ್ಕಪಕ್ಕ ಇರುವುದನ್ನು ಪಟ್ಟಿಯಲ್ಲೂ ಪಕ್ಕಪಕ್ಕ ಇಡುವುದು. ನಿಡಸೋಸಿಯ ರೈತನೊಬ್ಬ ಪೇಟೆ ಧಾರಣೆ ನೋಡುವಾಗ ಅವನಿಗೆ ಬೇಕಾದದ್ದು ಇದು. ಸಂಕೇಶ್ವರ ಮೊದಲು, ಆಮೇಲೆ ನಿಪ್ಪಾಣಿ, ಗೋಕಾಕ, ಬೆಳಗಾವಿ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಸಂಕೇಶ್ವರ ಈ ನಾಲ್ಕರಲ್ಲಿ ಕೊನೆಯದು. ದಿನವೂ ಬೆಳಿಗ್ಗೆ ಹೆಬ್ಬೆರಳಿನಿಂದ ಪಟ್ಟಿ ಉರುಳಿಸುತ್ತ ತನ್ನ ಪೇಟೆ ಹುಡುಕುವುದು ಅವನ ಪಾಲಿಗೆ ಬಂದದ್ದು ಯಾರೂ ಯೋಚಿಸದಿದ್ದರಿಂದ.

ಎಂಟರಲ್ಲಿ ಕೊನೆಯ ಎರಡು ಯಾವುವು ಗೊತ್ತೇ? ಏಳನೆಯದು, ಯಾವ ವಿಷಯದ ಪುಸ್ತಕ ಹೆಚ್ಚಿವೆಯೋ ಅದು ಮೊದಲು. ಎಂಟನೆಯದು ಅಕ್ಷರಕ್ರಮ, ಅದೂ ಬೇರೆ ಯಾವ ಕ್ರಮವೂ ಹೆಚ್ಚು ನೆರವಾಗದಿದ್ದಾಗ ಮಾತ್ರ. ಇಂದಿನ ತಂತ್ರಾಂಶಗಳು ಹುಟ್ಟುಗುಣವಾಗಿ ಕೊಡುವ ಎರಡು ಕ್ರಮಗಳು ಎಣಿಕೆ ಮತ್ತು ಅಕ್ಷರ. ಮೇಷ್ಟರು ಕೊನೆಗೆ ಇಟ್ಟದ್ದನ್ನೇ ನಾವು ಮೊದಲಿಗೆ ಹಿಡಿದುಕೊಂಡಿದ್ದೇವೆ, ಏಕೆಂದರೆ ಆ ಎರಡಕ್ಕೆ ಮಾತ್ರ ಯಾರೂ ತಲೆ ಓಡಿಸಬೇಕಿಲ್ಲ.

ಕ್ರಮಕ್ಕೆ ನಿಜವಾಗಿಯೂ ಬೆಲೆಯಿರುವ ಕಡೆ

ಮೇಲಿದ್ದದ್ದನ್ನು ಜನ ಹೆಚ್ಚು ನಂಬುತ್ತಾರೆ ಎಂಬುದಕ್ಕೆ ಪುರಾವೆಯಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೂಗಲ್ ಫಲಿತಾಂಶಗಳ ಕ್ರಮವನ್ನು ಬೇಕೆಂದೇ ತಲೆಕೆಳಗು ಮಾಡಿ ವಿದ್ಯಾರ್ಥಿಗಳಿಗೆ ತೋರಿಸಿದರು. ಕಡಿಮೆ ಸಂಬಂಧದ ಪುಟ ಮೇಲೆ ಬಂದಾಗಲೂ ಅವರು ಹೆಚ್ಚಾಗಿ ಮೇಲಿನದನ್ನೇ ಒತ್ತಿದರು. ಓಹಾಯೊ ರಾಜ್ಯದ ಚುನಾವಣೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮತಪತ್ರದಲ್ಲಿ ಮೊದಲ ಹೆಸರಾಗಿದ್ದರೆ ಸರಾಸರಿ ಶೇ. 2.5ರಷ್ಟು ಲಾಭವಾದದ್ದನ್ನು ಕಂಡಿತು; ಅದೂ ಎಲ್ಲ ಸ್ಪರ್ಧೆಗಳಲ್ಲಲ್ಲ, ಸುಮಾರು ಅರ್ಧದಷ್ಟರಲ್ಲಿ.

ಮತಪತ್ರದ ವಿಷಯದಲ್ಲಿ ಬೆಳಗಾವಿಗೆ ತನ್ನದೇ ಕಥೆಯಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ 456 ಮಂದಿ ಇದ್ದರು. ಅದೇ ಚುನಾವಣೆಯಲ್ಲಿ ಆಂಧ್ರದ ನಲ್ಗೊಂಡದಲ್ಲಿ 480. ಅಷ್ಟು ಹೆಸರುಗಳನ್ನು ಬರೀ ಅಕ್ಷರಕ್ರಮದಲ್ಲಿಟ್ಟರೆ ಮತದಾರ ತನಗೆ ಬೇಕಾದವರನ್ನು ಹುಡುಕುವುದು ಹೇಗೆ? ಅದೇ ವರ್ಷ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಆಗಸ್ಟ್ 1ರಿಂದ ಅಭ್ಯರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಆದರೆ ಮಾನ್ಯತೆಯಿಲ್ಲದ ಪಕ್ಷಗಳವರು, ಕೊನೆಗೆ ಉಳಿದವರು. ಅಕ್ಷರಕ್ರಮ ಈಗ ಗುಂಪಿನೊಳಗೆ ಮಾತ್ರ. ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಹುಡುಕಾಟದ ಭಾಷೆಯಲ್ಲಿ ಹೇಳಿದರೆ ಇದು ಕಾನೂನಿನಿಂದಲೇ ಕೂರಿಸಿದ ಕ್ರಮ. ಮತಯಂತ್ರದಲ್ಲಿ ಮೊದಲ ಹೆಸರು ನೋಡಿ "ಆಯೋಗವೇ ಇವರನ್ನು ಮೊದಲಿಟ್ಟಿದೆ" ಎನ್ನುವವರಿಗೆ ಉತ್ತರ ಈ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿದೆ. ಪಕ್ಷದ ಮಾನ್ಯತೆ, ಹೆಸರಿನ ಅಕ್ಷರ, ಇಷ್ಟೇ ಅಲ್ಲಿ ಲೆಕ್ಕಕ್ಕೆ ಬರುವುದು.

ಕಾಲೇಜು ಹುಡುಕುವ ತಿಂಗಳುಗಳಲ್ಲಿ ಓಡಾಡುವ ಸ್ಕ್ರೀನ್‌ಶಾಟ್‌ಗಳ ಬಗ್ಗೆಯೂ ಎಚ್ಚರ ಬೇಕು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಎಂಜಿನಿಯರಿಂಗ್‌ಗೆ ಮೊದಲ ನೂರರವರೆಗೆ ಪ್ರತ್ಯೇಕ ಸ್ಥಾನವಿರುತ್ತದೆ. ಅದರ ಮುಂದೆ 101ರಿಂದ 150 ಎಂಬಂಥ ಪಟ್ಟಿಗಳು. ಆ ಪಟ್ಟಿಯೊಳಗಿನ ಕಾಲೇಜುಗಳು ಇರುವುದು ಅಕ್ಷರಕ್ರಮದಲ್ಲಿ. ಅದರ ಮೊದಲ ಸಾಲಿನ ಕಾಲೇಜು '101ನೇ ಸ್ಥಾನ' ಪಡೆದಿಲ್ಲ, ಅದರ ಹೆಸರು ವರ್ಣಮಾಲೆಯ ಮುಂದಿನ ಅಕ್ಷರದಿಂದ ಶುರುವಾಗುತ್ತದೆ, ಅಷ್ಟೇ. ಕೆಇಎ ಸೀಟು ಹಂಚಿಕೆಯಲ್ಲಿ ಮಾತ್ರ ಇದು ತಿರುವುಮುರುವು. ತಾಣ ತೋರಿಸುವ ಕಾಲೇಜುಗಳ ಕ್ರಮಕ್ಕೆ ಅರ್ಥವಿಲ್ಲ, ವಿದ್ಯಾರ್ಥಿ ತಾನೇ ತುಂಬುವ ಆಯ್ಕೆಗಳ ಕ್ರಮಕ್ಕೆ ಪೂರ್ತಿ ಅರ್ಥವಿದೆ. ರ‍್ಯಾಂಕಿಗೆ ಸಿಗಬಲ್ಲ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೇ ಯಂತ್ರ ಕೊಡುತ್ತದೆ. ಮನೆಯ ಹತ್ತಿರದ ಕಾಲೇಜು ಬೇಕಿದ್ದವರು ಪಟ್ಟಿ ಕಂಡ ಹಾಗೇ ಒತ್ತುತ್ತ ಹೋಗಿ ಅದನ್ನು ಇಪ್ಪತ್ತನೆಯದಾಗಿ ತುಂಬಿದರೆ, ಮೇಲಿನ ಹತ್ತೊಂಬತ್ತರಲ್ಲಿ ಯಾವುದು ಸಿಕ್ಕರೂ ಅಲ್ಲಿಗೇ ನಿಲ್ಲುತ್ತದೆ.

ಇನ್ನು ದುಡ್ಡಿನ ಕ್ರಮ. ಶಾಪಿಂಗ್ ತಾಣಗಳಲ್ಲಿ ಹಣ ಕೊಟ್ಟವರ ವಸ್ತು ಮೇಲೆ ಬರುವುದುಂಟು. 'ಪ್ರಾಯೋಜಿತ' ಎಂಬ ಪದ ಮೂಲೆಯಲ್ಲಿ ಚಿಕ್ಕದಾಗಿರುತ್ತದೆ, ಸ್ಕ್ರೀನ್‌ಶಾಟ್ ಕತ್ತರಿಸುವಾಗ ಅದೇ ಮೊದಲು ಹೋಗುತ್ತದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹಲವು ಮಾರಾಟಗಾರರಿಗೆ ಜಾಗ ಕೊಡುವ ತಾಣಗಳು ವಸ್ತುಗಳನ್ನು ಯಾವ ಮುಖ್ಯ ಅಂಶಗಳ ಮೇಲೆ ಮೇಲೆ-ಕೆಳಗೆ ಇಡುತ್ತೇವೆ ಎಂಬುದನ್ನು ಸರಳ ಭಾಷೆಯಲ್ಲಿ, ಎಲ್ಲರಿಗೂ ಸಿಗುವಂತೆ ವಿವರಿಸಬೇಕು. ಜಾಹೀರಾತನ್ನು ಜಾಹೀರಾತಲ್ಲವೆಂಬಂತೆ ತೋರಿಸುವುದನ್ನು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ದಾರಿತಪ್ಪಿಸುವ ಹದಿಮೂರು ತಂತ್ರಗಳಲ್ಲಿ ಒಂದೆಂದು ಹೆಸರಿಸಿದೆ. ಆ ವಿವರಣೆ ಕನ್ನಡದಲ್ಲಿ ಸಿಗುವ ತಾಣ ಎಷ್ಟಿವೆ ಎಂದು ನೀವೇ ಹುಡುಕಿ ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಪಟ್ಟಿಯ ಕ್ರಮ ಯಾವುದೆಂದು ತಿಳಿಯಲು ಒಂದು ನಿಮಿಷ ಸಾಕು. ಕಂಸದೊಳಗಿನ ಸಂಖ್ಯೆಗಳು ಮೇಲಿಂದ ಕೆಳಕ್ಕೆ ಇಳಿಯುತ್ತ ಹೋದರೆ ಅದು ಎಣಿಕೆಯ ಕ್ರಮ. 'ಇನ್ನಷ್ಟು' ಗುಂಡಿ ಇದ್ದರೆ ಒತ್ತಿ, ನಿಮ್ಮ ಊರು ಅಲ್ಲಿರಬಹುದು. ಒಂದೇ ಹೆಸರು ಎರಡು ಸಲ ಕಂಡರೆ ಎರಡನ್ನೂ ಆರಿಸಿ, ಇಲ್ಲವಾದರೆ ಅರ್ಧ ಮಾಹಿತಿ ಮಾತ್ರ ಸಿಗುತ್ತದೆ. 'ಪ್ರಾಯೋಜಿತ' ಎಂಬ ಪದವನ್ನು ಹುಡುಕಿ. ಬೇರೆಯವರು ಕಳಿಸಿದ ಚಿತ್ರವಾದರೆ ಅದೇ ತಾಣವನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ಪೂರ್ತಿ ಪಟ್ಟಿ ನೋಡಿ. ತಾಣದ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಲು ಬರುವಂತಿದ್ದರೆ ಬದಲಿಸಿ ತಾಲೂಕುಗಳ ಪಟ್ಟಿ ತೆರೆಯಿರಿ. ಹುಕ್ಕೇರಿ ಆರನೇ ಸಾಲಿನಿಂದ ಕೊನೆಯ ಸಾಲಿಗೆ ಜಿಗಿದರೆ, ನೀವು ನೋಡುತ್ತಿರುವುದು ಬರೀ ಅಕ್ಷರಕ್ರಮ.